ತೊಟ್ಟಿಯ ಕಪ್ಲಿಂಗು

ಹಿತ್ತಾಳೆಯನ್ನು ಹೆಚ್ಚು ಹೊತ್ತು ಹಿಡಿದರೆ ಕೈಗೊಂದು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ಉಜ್ಜಿದರೂ ಬೇಗ ಹೋಗುವುದಿಲ್ಲ. ಮೊನ್ನೆ ಪಂಪ್‌ಹೌಸಿನ ಅಟ್ಟದಿಂದ ಗೋಣಿಚೀಲ ಇಳಿಸಿ ಅದರೊಳಗಿನ, ಪೈಪಿಗೆ ಪೈಪು ಜೋಡಿಸುವ ಕಪ್ಲಿಂಗು ತೆಗೆದಾಗ ಅದೇ ವಾಸನೆ... ಅದನ್ನು ಕೊಂಡು ತಂದವನು ನನ್ನ ತಮ್ಮ. ಅಟ್ಟದಲ್ಲಿ ಮುಚ್ಚಿಟ್ಟವನು ನಾನು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅಪ್ಪನ ಜೊತೆ ಹಿಪ್ಪುನೇರಳೆ ತೋಟಕ್ಕೆ ಇಳಿದವನು. ತಮ್ಮ ಓದಿದ, ಫೈರ್ ಎಂಜಿನ್ ಕೆಲಸಕ್ಕೆ ಸೇರಿದ. ಹಾರೋಹಳ್ಳಿ ಸುತ್ತ ಹೊಲಗಳೆಲ್ಲ ಫ್ಯಾಕ್ಟರಿಗಳಾಗುತ್ತಿದ್ದ ಕಾಲ ಅದು. ನಮ್ಮ ಬೇಲಿಯ ಆಚೆಗೇ ಶೆಡ್ಡುಗಳು ಬಂದು ನಿಂತಿದ್ದವು. ಅವನು ಖಾಕಿಯಲ್ಲಿ ಬಸ್ಸಿಳಿದರೆ ಟೀ ಅಂಗಡಿಯಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಊರಲ್ಲಿ ಅದುವರೆಗೆ ನನಗೂ ಒಂದು ಹೆಸರಿತ್ತು. ಆಮೇಲೆ ನಾನು ‘ಫೈರ್ ಎಂಜಿನ್ನೋನ ಅಣ್ಣ’ ಆದೆ. ಅವನು ಬರುವ ದಿನ ಅವ್ವ ಕೋಳಿ ಕುಯ್ಯಿಸುತ್ತಿದ್ದಳು. ಕಾಲಿನ ತುಂಡು ಅವನ ತಟ್ಟೆಗೆ, ದಿನಾ ಮನೆಯಲ್ಲಿರುವ ನನಗೆ ಸಾರು.

ರಜೆಯಲ್ಲೂ ಅವನು ಸುಮ್ಮನೆ ಕೂರುತ್ತಿರಲಿಲ್ಲ. ಯಾವ ಹೊಂಡದಲ್ಲಿ ನೀರಿದೆ, ಯಾರ ಬೋರು ಬತ್ತಿದೆ, ಯಾವ ಫ್ಯಾಕ್ಟರಿ ಗೇಟಿನಲ್ಲಿ ಫೈರ್ ಎಂಜಿನ್ ಗಾಡಿ ತಿರುಗುತ್ತದೆ ಎಂದು ನೋಡಿಕೊಂಡು ಸುತ್ತುತ್ತಿದ್ದ.

“ಗಾಡಿ ನೀರು ಒಂದು ಬೀಡಿ ಸೇದೋಗಂಟ ಬರ್ತದೆ ಅಷ್ಟೆಯಾ. ಆಮ್ಯಾಕೆ ನೀರೆಲ್ಲೈತೆ ಅಂತ ಊರೋರ್ನ ಕೇಳ್ಕೊಂಡು ನಿಂತ್ರೆ ಏನ್ ಉಳಿತದೆ?”

ಕರೆಂಟು ಬಂದಾಗ ತುಂಬಿಸಿಕೊಳ್ಳಲು ನಾನು ದಿಬ್ಬದ ಮೇಲೆ ದೊಡ್ಡ ತೊಟ್ಟಿ ಕಟ್ಟಿಸಿದ್ದೆ. ಗಾಡಿ ಅಲ್ಲಿಗೆ ಹತ್ತುವುದಿಲ್ಲ. ಅದಕ್ಕೇ ಅಲ್ಲಿಂದ ರಸ್ತೆ ಬದಿಗೆ ಇಳಿದ ಪೈಪಿನ ಬಾಯಿಗೆ ತಮ್ಮ ಆ ಕಪ್ಲಿಂಗು ಕೂರಿಸಿದ. ಗಾಡಿಯ ಪೈಪು ಬಂದು ಸೀದಾ ಅದಕ್ಕೆ ಕಚ್ಚಿಕೊಳ್ಳಬೇಕು.

“ಅಣ್ಣ, ಇದೊಂದ ಬಿಚ್ಚಬ್ಯಾಡ. ತೊಟ್ಟೀಲಿ ಒಸಿ ನೀರು ಯಾವಾಗ್ಲೂ ಇರ್ಲಿ.”

“ತೊಟ್ಟಿ ನಂದು, ಹೆಸ್ರು ನಿಂದು. ಅಲ್ವೇನ್ಲಾ?”

“ಹೆಸ್ರು ನಿಂದೇ ಬರ್ಸಣ ಬುಡಣ್ಣ, ಬಣ್ಣ ತತ್ತೀನಿ” ಎಂದು ನಕ್ಕ. ಆ ನಗು ನನಗೆ ಸೇರಲಿಲ್ಲ.

ಒಂದು ದಿನ ಪಕ್ಕದ ಫ್ಯಾಕ್ಟರಿಯವರು ಬೆಂಕಿ ಆರಿಸುವುದು ಹೇಗೆಂದು ಅವನಿಂದ ಹೇಳಿಸಿಕೊಂಡು, ಶಾಲು ಹೊದಿಸಿ ಕಳಿಸಿದರು. ಸಂಜೆ ಟೀ ಅಂಗಡಿಯಲ್ಲಿ ನನ್ನ ಜೊತೆಯವನೊಬ್ಬ ಕೇಳಿದ: “ತಮ್ಮಂಗೆ ಶಾಲಂತೆ? ನಿಂಗೊಂದ್ ಟವಲ್ಲಾದ್ರೂ ಕೊಟ್ರೇನ್ಲಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ತೋಟಕ್ಕೆ ಬಂದು, ಸ್ಪ್ಯಾನರು ಹಾಕಿ ಕಪ್ಲಿಂಗು ಬಿಚ್ಚಿ, ಗೋಣಿಚೀಲಕ್ಕೆ ಹಾಕಿ ಪಂಪ್‌ಹೌಸಿನ ಅಟ್ಟದಲ್ಲಿಟ್ಟೆ. ನಾಳೆ ಹಾಕಿದರಾಯಿತು ಎಂದುಕೊಂಡೆ... ಹಾಕಲಿಲ್ಲ.

ಅದಾಗಿ ಕೆಲವೇ ದಿನಕ್ಕೆ, ಮಧ್ಯಾಹ್ನ, ಬೇಲಿಯಾಚೆ ಸ್ಪಂಜು ತುಂಬಿದ ಶೆಡ್ಡಿನಿಂದ ಕರಿ ಹೊಗೆ ಎದ್ದಿತು. ಗಾಡಿ ಬಂತು, ಅದರ ನೀರು ಮುಗಿಯಿತು. ತಮ್ಮ ಪೈಪು ಎಳೆದುಕೊಂಡು ನಮ್ಮ ಕಡೆಗೆ ಓಡಿ ಬಂದ. ಬೋಳು ಪೈಪು ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಅಣ್ಣ...”

ಗೋಣಿಚೀಲ ಪಕ್ಕದ ಪಂಪ್‌ಹೌಸಿನಲ್ಲೇ ಇತ್ತು. ‘ಇರು, ತತ್ತೀನಿ’ ಎಂದಿದ್ದರೆ ಸಾಕಿತ್ತು. ಹಾಗೆಂದರೆ ಬಿಚ್ಚಿದವನು ನಾನೇ ಎಂದು ಎಲ್ಲರೆದುರು ಒಪ್ಪಿದಂತಾಗುತ್ತಿತ್ತು. ನಾನು ನೆಲ ನೋಡಿದೆ.

ಹಿಂದಿನಿಂದ ಅವನ ಸಾಹೇಬರು ಏನಾಯಿತೆಂದು ಕೂಗಿದರು. “ಯಾರೋ ಕಳ್ರು ಬಿಚ್ಕೊಂಡೋಗವ್ರೆ ಸಾರ್, ಗಾಡೀನ ಕೆರೆಗೆ ಬುಡಿ” ಎಂದ ತಮ್ಮ.

ಕೆರೆ ದೂರ. ಒಳಗೆ ಇಬ್ಬರು ಹೆಣ್ಣಾಳುಗಳು ಸಿಕ್ಕಿಕೊಂಡಿದ್ದರು. ಅವನು ನೀರಿಗೆ ಕಾಯದೆ ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ನುಗ್ಗಿದ. ಅವರಿಬ್ಬರೂ ಬದುಕಿದರು. ಹೊಗೆ ಮಾತ್ರ ಅವನ ಎದೆಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಕೆಮ್ಮುತ್ತಲೇ ನನ್ನ ಕಡೆ ತಿರುಗಿದ. “ಕಳ್ಳ ಸಿಕ್ರೆ ಬೈಬ್ಯಾಡ ಕಣಣ್ಣ.” ಮಂಚದ ಪಕ್ಕ ಕೂತಿದ್ದ ಅವ್ವನಿಗೆ ಅದು ಅರ್ಥವಾಗಲಿಲ್ಲ.

ಆಗ ನನಗೆ ಅಳು ಬರಬೇಕಿತ್ತು. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಇದರಲ್ಲೂ ಅವನೇ ಮೇಲಾದನಲ್ಲ ಎಂದು.

ಆಮೇಲೆ ಅವನು ಗಾಡಿ ಹತ್ತಲಿಲ್ಲ. ಫೈರ್ ಠಾಣೆಯಲ್ಲಿ ಫೋನಿನ ಮುಂದೆ ಕೂರಿಸಿದರು. ಕೆಲವು ವರ್ಷ ಕೆಮ್ಮಿಕೊಂಡೇ ಇದ್ದು, ಹೋಗಿಬಿಟ್ಟ. ಯಾರಿಗೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಇಂದಿನವರೆಗೆ.

ಮೊನ್ನೆ ಠಾಣೆಗೆ ಹೊಸದಾಗಿ ಸೇರಿದ ಇಬ್ಬರು ಬೈಕಿನಲ್ಲಿ ಬಂದು, ಈ ಕಡೆ ಬೆಂಕಿ ಬಿದ್ದರೆ ನೀರೆಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಅಟ್ಟ ಹತ್ತಿ ಚೀಲ ಇಳಿಸಿದೆ. ಅವರ ಕಣ್ಣೆದುರಿಗೇ ಕಪ್ಲಿಂಗನ್ನು ಪೈಪಿಗೆ ಕೂರಿಸಿ ಬಿಗಿ ಮಾಡಿದೆ.

“ಇದ್ಯಾರ್ ತಂದಿದ್ದು ಯಜಮಾನ್ರೆ?”

“ನನ್ ತಮ್ಮ. ನಾನು ಫೈರ್ ಎಂಜಿನ್ನೋನ ಅಣ್ಣ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಅವರಿಗೆ ಗೊತ್ತಿಲ್ಲ. ಟೀ ಅಂಗಡಿ ಇದ್ದಲ್ಲಿ ಈಗ ಫ್ಯಾಕ್ಟರಿಯ ಕಾಂಪೌಂಡು. ನನ್ನನ್ನು ಹಾಗೆ ಕರೆಯುವವರು ಊರಲ್ಲಿ ಯಾರೂ ಉಳಿದಿಲ್ಲ.