ಬ್ಲಾಗಿನಲ್ಲಿ ನಮ್ಮ ಯಜಮಾನರು

ನಮ್ಮ ಯಜಮಾನರು ಚಾಮಯ್ಯ ಹೋದದ್ದು ಕಳೆದ ಕಾರ್ತಿಕದಲ್ಲಿ. ಬ್ಲಾಗಿನ ಪ್ರಕಾರ ಅವರು ಹೋಗಿ ಆರು ವರ್ಷವಾಯಿತು.

ಇದನ್ನು ಓದಿ ಹೇಳಿದವಳು ಹರ್ಷಿತಾ. ಯೂನಿವರ್ಸಿಟಿಯಲ್ಲಿ ಕುಂಬಾರರ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಜಯಲಕ್ಷ್ಮಿಪುರಂನ ರಿಟೈರ್ಡ್ ಸಾಹೇಬರೊಬ್ಬರು, ಶಿವಪ್ರಕಾಶ್ ಅಂತ, ನಮ್ಮ ಯಜಮಾನರ ಬಗ್ಗೆ ಬ್ಲಾಗು ಬರೆದಿದ್ದರು. ಅದನ್ನು ನಂಬಿ ಇವಳು ಒಂದು ಅಧ್ಯಾಯ ಮಾಡಿದ್ದಳು. ಬ್ಲಾಗು ನಂಬುವಂಥದ್ದೋ ಅಲ್ಲವೋ ವಿಚಾರಿಸು, ಇಲ್ಲದಿದ್ದರೆ ಅಧ್ಯಾಯ ಕಿತ್ತುಹಾಕು ಎಂದರಂತೆ ಅವಳ ಮೇಷ್ಟ್ರು. ಕುಂಬಾರಕೊಪ್ಪಲಿಗೆ ಹುಡುಕಿಕೊಂಡು ಬಂದಳು.

ಅಧ್ಯಾಯ ಹೋದರೆ ನಮ್ಮ ಯಜಮಾನರೂ ಇನ್ನೊಂದು ಸಲ ಹೋದಂತೆ.

ಆರು ವರ್ಷದ ಲೆಕ್ಕ ನನಗೆ ಗೊತ್ತು. ಸಾಹೇಬರು ಎರಡನೇ ಸಲ ಬಂದಾಗ ನಾವು ಕಡಕೊಳಕ್ಕೆ ಮದುವೆಗೆ ಹೋಗಿದ್ದೆವು. ಬಾಗಿಲಿಗೆ ಬೀಗ ನೋಡಿ, ಸತ್ತರು ಎಂದು ಬರೆದುಕೊಂಡರು.

"ಅಜ್ಜಿ, ಮಡಕೆ ಕತ್ತಿನ ಹತ್ರ ಮೂರು ಗೆರೆ ಇದ್ಯಲ್ಲ, ಅದು ಈಶ್ವರನ ವಿಭೂತಿ, ಅರಮನೆ ಕಾಲದಿಂದ ಬಂದಿದ್ದು ಅಂತ ಬರ್ದಿದಾರೆ. ಹೌದಾ?"

"ಉಗುರಲ್ಲಿ ಗೀರಿದ್ದು ಕಣವ್ವ. ನಾಕು ಮನೆಯೋರು ಒಂದೇ ಆವಿಗೇಲಿ ಮಡಕೆ ಸುಡ್ತಿದ್ವಿ. ಯಾರ್ದು ಯಾವ್ದು ಅಂತ ಗೊತ್ತಾಗ್ಬೇಕಲ್ಲ. ಪಕ್ಕದ ಯಶೋಧಾ ಮನೆಯೋರ್ದು ಎರಡು ಚುಕ್ಕಿ, ನಮ್ದು ಮೂರು ಗೀರು."

"ಚಾಮಯ್ಯನೋರೇ ಹೇಳುದ್ರು ಅಂತ ಇದೆ."

"ಸಾಹೇಬ್ರು, ಇದು ವಿಭೂತಿ ಅಲ್ವೇನಯ್ಯ ಅಂದ್ರು. ಇವ್ರು ಹೂಂ ಅಂದ್ರು. ಕೊಳ್ಳೋಕೆ ಬಂದೋರು ಕಾಗೆ ಬಿಳೀದು ಅಂದ್ರೂ ಹೂಂ ಅಂತಿದ್ರು."

"ಇಂಟರ್ನೆಟ್ಟಲ್ಲಿ ಇನ್ನೂ ಮೂರು ಕಡೆ ಹೀಗೇ ಇದೆ ಅಜ್ಜಿ."

"ಅಲ್ಲೂ ಇವ್ರು ಸತ್ತು ಆರು ವರ್ಷ ಆಯ್ತಾ?"

ಮೊಬೈಲು ತೀಡಿ ನೋಡಿದಳು. ಮೂರರಲ್ಲೂ ಸತ್ತಿದ್ದರು.

"ಒಬ್ರನ್ನ ನೋಡ್ಕೊಂಡು ಮಿಕ್ಕೋರು ಬರ್ದವ್ರೆ, ಅಷ್ಟೇಯ."

ಅವಳ ಮುಖ ಸಣ್ಣದಾಯಿತು. ಕಾಗದಪತ್ರ ಏನಾದರೂ ಇದೆಯೇ ಎಂದಳು. ಆಸ್ಪತ್ರೆಯ ಚೀಟಿ ಕೊಟ್ಟೆ. ತಾರೀಖು ಸರಿಯಾಗಿತ್ತು. ಕಸುಬು ಎಂಬಲ್ಲಿ ಕೂಲಿ ಎಂದಿತ್ತು.

"ಇದೇನಜ್ಜಿ?"

"ಇವ್ರಿಗೆ ಮಾತು ನಿಂತೋಗಿತ್ತು. ನಾನು ಮಾತ್ರೆ ತರೋಕೆ ಹೋಗಿದ್ದೆ. ಪಂಚೆ ನೋಡಿ ಆಸ್ಪತ್ರೆಯೋರೇ ಬರ್ಕೊಂಬುಟ್ರು."

ಓದಿದವರು ಇಬ್ಬರು. ಒಬ್ಬರು ಅರಮನೆಗೆ ಸೇರಿಸಿದರು, ಒಬ್ಬರು ಕೂಲಿಗೆ ಹಾಕಿದರು. ಐವತ್ತು ವರ್ಷ ಮಣ್ಣು ತುಳಿದವರು ಎರಡರಲ್ಲೂ ಇರಲಿಲ್ಲ.

"ನಿಮ್ಮ ಮಾತನ್ನ ಯಾಕೆ ನಂಬಬೇಕು ಅಂತ ಮೇಷ್ಟ್ರು ಕೇಳಿದ್ರೆ ಏನ್ ಹೇಳ್ಲಿ?"

"ತಿಮ್ಮಮ್ಮ, ನಲವತ್ತು ವರ್ಷ ಮಣ್ಣು ಕಲಸಿ ಕೊಟ್ಟೋಳು ಅಂತ ಹೇಳು. ನಂಬೋದು ಬುಡೋದು ಅವ್ರಿಗೆ ಬುಟ್ಟಿದ್ದು."

ಹರ್ಷಿತಾ ಚೀಲದಿಂದ ಅಧ್ಯಾಯದ ಹಾಳೆ, ಪೆನ್ನು ತೆಗೆದಳು. ವಿಭೂತಿ ಹೊಡೆದು ಹಾಕಿದಳು. ಅರಮನೆ ಹೊಡೆದು ಹಾಕಿದಳು. ಹದಿನೆಂಟು ಪುಟದಲ್ಲಿ ಅರ್ಧ ಪುಟ ಉಳಿಯಿತು.

"ಇಷ್ಟಕ್ಕೆ ಅಧ್ಯಾಯ ಅನ್ನಲ್ಲ ಅಜ್ಜಿ."

"ಹಂಗಾದ್ರೆ ಚಾಪೆ ಮೇಲೆ ಕೂತ್ಕೊ. ಮಣ್ಣು ಯಾವ ಕೆರೆಯಿಂದ ತರ್ತಿದ್ರು ಅನ್ನೋದ್ರಿಂದ ಹೇಳ್ತೀನಿ. ನಿಧಾನಕ್ಕೆ ಬರ್ಕೊ."