ಆಯದ ಜೋಳ, ಹಸಿರು ಬನಾತು

ಮುಂಬಯಿಯಲ್ಲಿ ಯಾರಾದರೂ ಕೇಳಿಯೇಬಿಟ್ಟರೆ ಗಂಡ ಏನು ಹೇಳಿಯಾನು ಎಂಬ ಚಿಂತೆ ಶೇವಂತಿಯನ್ನು ಬೆಳಗಿನ ಒಲೆಯ ಮುಂದೆ ಹಿಡಿದುಕೊಂಡಿತು. ಕೂಸಿಗೆ ಎಣ್ಣೆ ಹಚ್ಚುವಾಗಲೂ ಬಿಡಲಿಲ್ಲ, ನೀರು ಸೇದುವಾಗಲೂ ಬಿಡಲಿಲ್ಲ. ಪಂದ್ಯ ನಡೆಸುವವರು ಕೇಳುವುದು ಒಂದೇ ಮಾತು: ಈ ಆಟದಿಂದ ನಿನ್ನ ಹೊಟ್ಟೆ ನಡೆಯುತ್ತದೆಯೇ? ಹೌದು ಅಂದವನಿಗೆ ಅಲ್ಲಿ ಕೋಲು ಹಿಡಿಯುವ ಹಕ್ಕಿಲ್ಲ. ಆ ಬಿಲಿಯರ್ಡ್ ಪಂದ್ಯ ಹವ್ಯಾಸಕ್ಕೆ ಆಡುವ ದೊಡ್ಡವರದು. ಇಲ್ಲ ಅಂದರೆ ಮುಗಿಯಿತು. ಆದರೆ ಧರೆಪ್ಪನ ಬಾಯಿಂದ ಇಲ್ಲದ ಮಾತು ಹೊರಡಿಸುವುದು ಹೇಗೆ?

ಧರೆಪ್ಪ ತುಬಚಿಯ ಕುರಿಕಾರರ ಮಗ, ಬೀರೇಶ್ವರನ ಒಕ್ಕಲು. ಜಮಖಂಡಿಯಲ್ಲಿ ಇನ್ನೂ ರಾಜರ ಆಳ್ವಿಕೆ ಇದ್ದಾಗ ಅಪ್ಪನ ಹಿಂದೆ ಕಂಬಳಿ ಮಾರಲು ಬಂದವನು, ಅಧಿಕಾರಿಗಳ ಕ್ಲಬ್ಬಿನ ಕಿಟಕಿಯಲ್ಲಿ ಆ ಮೇಜನ್ನು ಕಂಡಿದ್ದ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಚೆಂಡುಗಳಲ್ಲ, ಮೇಲೆ ಹಾಸಿದ್ದ ಹಸಿರು ಬನಾತು. ಉಣ್ಣೆಯದೆಂದು ದೂರದಿಂದಲೇ ತಿಳಿದು, ಒಳಗೆ ನುಗ್ಗಿ ಕೈಯಾಡಿಸಿಬಿಟ್ಟ. ಮೇಜು ನೋಡಿಕೊಳ್ಳುತ್ತಿದ್ದ ಮುದುಕ ಮಾರ್ಕರ್ ಅಮಸಿದ್ದಪ್ಪ ಬೈಯಲಿಲ್ಲ, ಬ್ರಶ್ಶು ಕೊಟ್ಟ. ಬನಾತಿನ ಕೂದಲು ಒಂದೇ ದಿಕ್ಕಿಗೆ ಮಲಗುವಂತೆ ಉಜ್ಜುವುದು, ಕೋಲಿನ ತುದಿಗೆ ತೊಗಲು ಅಂಟಿಸುವುದು, ದೊಡ್ಡವರು ಆಡುವಾಗ ಗೋಡೆಗೆ ನಿಂತು ಅಂಕ ಕೂಗುವುದು: ಇಷ್ಟು ಮಾರ್ಕರನ ಕೆಲಸ. ಮುದುಕ ತೀರಿಕೊಂಡ ಮೇಲೆ ಕೆಲಸ ಧರೆಪ್ಪನಿಗೇ ಬಂತು.

ದೊಡ್ಡವರು ಎದ್ದುಹೋದ ಮೇಲೆ ಅವನ ಆಟ ಶುರುವಾಗುತ್ತಿತ್ತು. ಆಟವೆಂದರೆ ಆಟವೂ ಅಲ್ಲ. ಒಂದೇ ಚೆಂಡನ್ನು ಎದುರಿನ ಅಂಚಿಗೆ ನೇರ ಹೊಡೆಯುವುದು, ಅದು ನೇರ ತಿರುಗಿ ಬಂದು ಕೋಲಿನ ತುದಿಗೇ ಮುಟ್ಟಬೇಕು. ಕೂದಲೆಳೆಯಷ್ಟು ಸರಿದರೆ ಮತ್ತೆ ಹೊಡೆಯುವುದು. ನೋಡಿದವರು ಇವನಿಗೆ ತಲೆ ಕೆಟ್ಟಿದೆ ಅಂದರು. ಅವನು ತಲೆ ಎತ್ತಲಿಲ್ಲ.

ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದಾಗ ಅಧಿಕಾರಿಗಳು ಊರು ಬಿಟ್ಟರು, ಮಾರ್ಕರನ ಪಗಾರವೂ ನಿಂತಿತು. ಕ್ಲಬ್ಬು ಮಾತ್ರ ಹಾಗೂ ಹೀಗೂ ಉಳಿಯಿತು. ವಕೀಲರು, ಇನಾಮದಾರರು ಸಂಜೆಗೆ ಬಂದು ಆಡುತ್ತಿದ್ದರು. ಪಗಾರ ಕೊಡುವವರಿಲ್ಲವೆಂದು ಅವರು ಊರ ವಾಡಿಕೆಯನ್ನೇ ಮುಂದಿಟ್ಟರು. ಸುಗ್ಗಿಯಲ್ಲಿ ಕಮ್ಮಾರನಿಗೆ, ಬಡಿಗನಿಗೆ ವರ್ಷದ ಕೆಲಸಕ್ಕೆ ಆಯವೆಂದು ಕಾಳು ಅಳೆದು ಕೊಡುವ ಹಾಗೆ ಧರೆಪ್ಪನಿಗೂ ಕಣದಲ್ಲಿ ಜೋಳ ಕೊಟ್ಟರು. ಅವನು ಕಂಬಳಿ ಹಾಸಿ ತೆಗೆದುಕೊಂಡ. ಆ ಜೋಳದ ರೊಟ್ಟಿಯ ಮೇಲೆಯೇ ಮನೆ ನಡೆಯಿತು.

ಆ ಮನೆಗೆ ಬಂದವಳು ಶೇವಂತಿ. ಬೆಳಗಾವಿಯ ಪೊಲೀಸ್ ಹವಾಲ್ದಾರನ ಮಗಳು, ಅಲ್ಲಿಯೇ ಮ್ಯಾಟ್ರಿಕ್‌ವರೆಗೆ ಓದಿದವಳು. ಗಂಡ ಕುಡಿಯುವುದಿಲ್ಲ, ಜೂಜಿಲ್ಲ ಎಂದು ತವರಿನವರು ಹಿಗ್ಗಿದ್ದರು. ಅವನ ಆಟದ ಹುಚ್ಚು ಅವಳಿಗೆ ತಿಳಿದದ್ದು ಕೂಸು ಹುಟ್ಟಿದ ಮೇಲೆ. ಅತ್ತು ಅತ್ತು ನೀಲಿಗಟ್ಟಿದ ಕೂಸನ್ನು ಕೈಗೆ ಕೊಡಹೋದರೆ ಅವನು ಹಿಂದೆ ಸರಿದ.

"ತೋಳು ಬಿಗಿತೈತಿ. ಅವ್ವನ ಕಡಿ ಕೊಡು."

"ಕೂಸು ಏನು ಕಲ್ಲೇನ್ರಿ?"

"ನಾಳೆ ಆಡೂದೈತಿ," ಅಂದ. ಅವನ ಮಟ್ಟಿಗೆ ಅದು ಉತ್ತರವೇ.

ಒಮ್ಮೆ ಅವಳು ಕ್ಲಬ್ಬಿಗೆ ಬುತ್ತಿ ಕೊಡಲು ಹೋದಾಗ ಅವನ ಚೆಂಡೊಂದು ಎರಡು ಅಂಚು ಬಡಿದು, ಇನ್ನೊಂದನ್ನು ತಾಕಿ, ಮೂಲೆಯ ಚೀಲದಲ್ಲಿ ಬಿತ್ತು. ಅವಳಿಗೆ ಖುಷಿಯಾಯಿತು. ಅವನು ಮುಖ ಗಂಟಿಕ್ಕಿ ಚೆಂಡನ್ನು ಚೀಲದಿಂದ ತೆಗೆದು ಮೊದಲಿನ ಜಾಗದಲ್ಲೇ ಇಟ್ಟ.

"ಬಿದ್ದಿತ್ತಲ್ರಿ, ಯಾಕ ತಗದ್ರಿ?"

"ನಾ ಹಾಕಿದ್ದಲ್ಲ ಅದು. ತಾನ ಹೋತು."

ಅವನ ಆಟ ನೋಡಿದ ವಕೀಲರೊಬ್ಬರು ಪಂದ್ಯ ನಡೆಸುವ ಮುಂಬಯಿಯ ಜಿಮಖಾನಾ ಕ್ಲಬ್ಬಿಗೆ ಬರೆದು ಪಂದ್ಯಕ್ಕೆ ಅವನ ಹೆಸರು ಸೇರಿಸಿದರು. ನಿಯಮವನ್ನೂ ಅವರೇ ಹೇಳಿದರು. "ಪಗಾರ ಇಲ್ಲಲ್ಲಪಾ ನಿನಗ? ಮತ್ಯಾಕ ಅಂಜ್ತಿ?" ಧರೆಪ್ಪ ಅಂದು ರೊಟ್ಟಿ ಮುರಿಯುವುದನ್ನೂ ಮರೆತು ಕುಳಿತಿದ್ದ. ಮದುವೆಯಲ್ಲಿಯೂ ಆ ಮುಖದಲ್ಲಿ ಅಂಥ ಕಳೆಯನ್ನು ಶೇವಂತಿ ಕಂಡಿರಲಿಲ್ಲ. ಅದು ಅವಳಿಗೆ ಚುಚ್ಚಿತು. ಆದರೂ ಅವನು ಹೋಗಲಿ ಅಂದುಕೊಂಡಳು. ಒಮ್ಮೆ ಹೋಗಿ ಆಡಿ ಬಂದರೆ, ಆಮೇಲೆ ಮನುಷ್ಯ ಮನೆಗೂ ಒಂದಿಷ್ಟು ಸಿಕ್ಕಾನು.

ರಾಶಿಯ ದಿನ ಹತ್ತಿರ ಬಂತು.

"ಈ ಸಲ ಕಣಕ್ಕ ಹೋಗಬ್ಯಾಡ್ರಿ. ಆಯ ತಗೊಂಡ್ರ ಪಗಾರ ತಗೊಂಡಂಗ ಆಗತೈತಿ."

"ಪಗಾರ ಹೆಂಗ ಆಗತೈತಿ? ಕಮ್ಮಾರಗೂ ಕೊಡ್ತಾರ, ಬಡಿಗ್ಯಾಗೂ ಕೊಡ್ತಾರ."

"ಅವರ್ಯಾರೂ ಮುಂಬೈಗಿ ಆಡಾಕ ಹೊಂಟಿಲ್ಲ."

ಅವನು ಯೋಚಿಸಿ, ಕಣಕ್ಕೆ ಹೋಗುವುದಿಲ್ಲವೆಂದು ಒಪ್ಪಿದ. ಅತ್ತೆ ಸಾತವ್ವನ ಕಿವಿಗೆ ಬಿದ್ದರೆ ಓಣಿಗೆಲ್ಲ ಹರಡುತ್ತದೆಂದು ಇಬ್ಬರೂ ಅವಳಿಗೆ ಏನೂ ಹೇಳಲಿಲ್ಲ.

ರಾಶಿಯ ದಿನ ಧರೆಪ್ಪ ಹಿತ್ತಲಲ್ಲಿ ಸುಮ್ಮನೆ ಕುಳಿತ. ಸೂತಕದ ಮನೆಯವನ ಹಾಗಿತ್ತು ಆ ಕೂರುವಿಕೆ. ಶೇವಂತಿ ಒಳಗೆ ಬಂದು ನೋಡಿದರೆ ಗೂಟದ ಮೇಲಿನ ಕಂಬಳಿ ಇಲ್ಲ, ಅತ್ತೆಯೂ ಇಲ್ಲ. ಕೂಸನ್ನು ಬಗಲಿಗೇರಿಸಿ ಇನಾಮದಾರರ ಕಣಕ್ಕೆ ಓಡಿದಳು.

ಸಾತವ್ವ ಆಗಲೇ ರಾಶಿಯ ಬುಡದಲ್ಲಿ ಕಂಬಳಿ ಹಾಸಿದ್ದಳು. ಆಯಕ್ಕೆ ಮಗ ಬಾರದಿದ್ದರೆ ಊರವರು ಏನೆಂದುಕೊಂಡಾರು ಎಂಬುದು ಅವಳ ಚಿಂತೆ. "ನಮ್ಮ ಹುಡಗಗ ಮೈಯಾಗ ಛಲೋ ಇಲ್ರಿ ಸಾವ್ಕಾರ್ರ. ಅವನ ಆಯ ನಾ ಒಯ್ತೇನಿ. ವರ್ಷಪೂರ್ತಿ ನಿಮ್ಮ ಮೇಜ ಉಜ್ಜ್ಯಾನ."

ಇನಾಮದಾರರ ಮಗನೂ ಅದೇ ಪಂದ್ಯಕ್ಕೆ ಮುಂಬಯಿಗೆ ಹೊರಟವನೇ. ಕ್ಲಬ್ಬಿನಲ್ಲಿ ಧರೆಪ್ಪನ ಎದುರು ಒಮ್ಮೆಯೂ ಗೆದ್ದವನಲ್ಲ. ಅವನು ತಾನೇ ಮೊರ ಹಿಡಿದು ಮುಂದೆ ಬಂದ.

"ಹಿಡಿ ಮುದುಕಿ, ಸರಿಯಾಗಿ ಹಿಡಿ. ವಕೀಲ್ರ, ನೋಡ್ರಿ ಇಲ್ಲಿ, ನಮ್ಮ ಮಾರ್ಕರಂದು ಆಯ ಅಳ್ಯಾಕತ್ತೇವಿ. ಎಲ್ಲಾರೂ ನೋಡ್ರಪಾ, ಆಮ್ಯಾಲ ಕೊಟ್ಟಿಲ್ಲ ಅಂದೀರಿ."

ಕಣಕ್ಕೆ ಬಂದಿದ್ದ ವಕೀಲರು ತಮ್ಮ ಚಪ್ಪಲಿ ನೋಡಿಕೊಂಡರು. ಸಾತವ್ವ ಗಂಟು ಹೊತ್ತು ಸೊಸೆಯ ಹತ್ತಿರ ಬಂದಳು. "ನೋಡ ಶೇವಂತಿ, ಈ ಸಲ ಹೆಚ್ಚಿಗಿನ ಹಾಕ್ಯಾರ. ಸಣ್ಣ ಸಾವ್ಕಾರ ಭಾಳ ದೊಡ್ಡ ಮನಸಿನಾಂವ ಐದಾನ." ಶೇವಂತಿ ಕೂಸಿನ ಬಗಲು ಬದಲಿಸಿ ಮನೆಯ ದಾರಿ ಹಿಡಿದಳು.

ಸಂಜೆ ವಕೀಲರು ಮನೆಗೆ ಬಂದರು. "ಆ ಸಣ್ಣ ಸಾವ್ಕಾರನ ಬಾಯಿ ನಾ ಮುಚ್ಚಸ್ತೇನಿ. ಕೇಳಿದ್ರ ನೀ ಇಲ್ಲಂತನ್ನು."

"ಜೋಳ ಮನ್ಯಾಗೈತಲ್ರಿ," ಅಂದ ಧರೆಪ್ಪ.

"ತಿರುಗಿ ಕೊಡು ಹಂಗಾದ್ರ."

"ರಾಶಿ ಕಾಳು ತಿರುಗಿ ಕೊಟ್ರ ಅವರ ಹೊಲಕ್ಕ ಬೈದಂಗ್ರಿ. ಅಷ್ಟಕ್ಕೂ ಹ್ವಾದ ವರ್ಷದ್ದು ಉಂಡೇವಿ. ಅದನ್ನ ಹೆಂಗ ಕೊಡ್ಲಿ?"

ಶೇವಂತಿ ತಡೆಯಲಾರದೆ ಬಾಗಿಲಿಗೆ ಬಂದಳು. "ಕೂಸನ್ನ ಎತ್ಕೊಳ್ಳಿಲ್ಲ ನೀವು. ನನ್ನ ಕೂಡ ನಕ್ಕು ಮಾತಾಡಿಲ್ಲ. ಎಲ್ಲಾ ಈ ಒಂದು ಆಟದ ಸಲುವಾಗಿ ಅಂತ ಸುಮ್ಮನಿದ್ದೆ. ಈಗ ಒಂದು ಮಾತು ಸುಳ್ಳಾಡಾಕ ಆಗೂದಿಲ್ಲ ಅಂದ್ರ, ಇಷ್ಟು ದಿನ ಮಾಡಿದ್ದೆಲ್ಲಾ ಯಾತಕ್ರಿ?"

ಅವನು ಸಿಟ್ಟಾಗಲಿಲ್ಲ. "ಪಾಪ ಪುಣ್ಯದ ಮಾತಲ್ಲ ಇದು. ಸುಳ್ಳು ಹೇಳಿ ಮೇಜಿನ ಮುಂದ ಬಾಗಿದ್ರ ನನ್ನ ಕೈ ನಡಗತೈತಿ. ನಡುಗೋ ಕೈಲೆ ಆಡಾಕ ಅಷ್ಟು ದೂರ ಯಾಕ ಹೋಗ್ಲಿ?" ಎಂದವನು, "ನೀನ ಮುಂಬೈಗಿ ಫೋನ್ ಮಾಡಿ ಆಯದ ಮಾತು ಹೇಳಿಬಿಡು. ನಿನಗ ಮರಾಠಿ ಬರತೈತಿ," ಅಂದ.

ಅವಳು ಅಂದು ಫೋನ್ ಮಾಡಲು ಹೋಗಲಿಲ್ಲ. ಕೂಸಿಗೆ ಕೆಮ್ಮು ಅಂದಳು, ಸಂತೆ ಅಂದಳು. ಅವನ ಮನಸ್ಸು ತಿರುಗೀತೆಂದು ಕಾದಳು. ಅವನು ಮೊದಲಿನಂತೆ ಕ್ಲಬ್ಬಿಗೆ ಹೋಗಿ ಒಂದೇ ಚೆಂಡನ್ನು ನೇರ ಹೊಡೆಯುತ್ತಿದ್ದ. ಜೋಳ ಬೀಸುವಾಗ ಅವಳಿಗೆ ಕಣ್ಣೀರು ಬರಲಿಲ್ಲ, ಬರೀ ರಟ್ಟೆ ಸೋತಿತು. ಯಾರು ಯಾರ ಎದುರು ಆಡುವರೆಂದು ಮುಂಬಯಿಯವರು ನಾಳೆ ಗೊತ್ತುಮಾಡುತ್ತಾರೆ ಎಂದು ವಕೀಲರು ಹೇಳಿಕಳಿಸಿದಾಗ, ಕೂಸನ್ನು ಎತ್ತಿಕೊಂಡು ಪೋಸ್ಟ್ ಆಫೀಸಿಗೆ ನಡೆದಳು.

ಗುಮಾಸ್ತ ಜಕ್ಕಪ್ಪ ಟ್ರಂಕ್ ಕಾಲ್ ಹಾಕಿದ. ಕಾದು ಕಾದು ಕೂಸು ಹೆಗಲ ಮೇಲೆಯೇ ನಿದ್ದೆಹೋಯಿತು. ಕೊನೆಗೆ ಜಿಮಖಾನಾದ ಕಾರ್ಯದರ್ಶಿಯ ದನಿ ಮರಾಠಿಯಲ್ಲಿ ಕೇಳಿಸಿತು. ಕಣ, ರಾಶಿ, ಆಯ ಅಂದದ್ದು ಅವನಿಗೆ ತಿಳಿಯಲಿಲ್ಲ. ಅವಳು ಮತ್ತೆ ಬಿಡಿಸಿ ಹೇಳಿದಳು.

"ಹಾಗಾದರೆ ನಿಮ್ಮ ಯಜಮಾನರು ಮಾರ್ಕರ್ ಅನ್ನಿ."

"ಹೌದು."

"ಈಗಲೇ ಹೇಳಿದ್ದು ಒಳ್ಳೆಯದಾಯಿತು, ತಾಯಿ. ಹೆಸರು ತೆಗೆಯುತ್ತೇವೆ. ಅಂದ ಹಾಗೆ, ಪಂದ್ಯದ ದಿನಗಳಲ್ಲಿ ನಮಗೆ ಅಂಕ ಕೂಗುವವರು ಸಾಲುವುದಿಲ್ಲ. ಅವರನ್ನು ಕಳಿಸುತ್ತೀರಾ? ಊಟ ವಸತಿ ನಮ್ಮದು."

ಕೇಳಿದರೆ ಧರೆಪ್ಪ ಹೋಗುತ್ತಾನೆ. ಅದು ಅವಳಿಗೆ ಚೆನ್ನಾಗಿ ಗೊತ್ತು. ಗೋಡೆಗೆ ನಿಂತು ಇನಾಮದಾರರ ಮಗನ ಅಂಕವನ್ನು ಸ್ಪಷ್ಟವಾಗಿ ಕೂಗುತ್ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಲ್ಲಿಯ ಬನಾತು ಉಜ್ಜುತ್ತಾನೆ. ತಿರುಗಿ ಬಂದು, ಅಲ್ಲಿಯ ಮೇಜುಗಳು ಎಷ್ಟು ಛಲೋ ಇದ್ದವು ಎಂದು ಸಂತೋಷದಿಂದ ಹೇಳುತ್ತಾನೆ. ಆ ಸಂತೋಷವನ್ನು ಕೂತು ಕೇಳುವ ಶಕ್ತಿ ಅವಳಲ್ಲಿರಲಿಲ್ಲ.

"ಇಲ್ಲ," ಅಂದಳು. "ಅವರಿಗೆ ಆ ಕೆಲಸ ಬರುವುದಿಲ್ಲ."

ಸಂಜೆ ಸಂಜೆ ಕ್ಲಬ್ಬಿನ ಕಿಟಕಿಗೆ ನಿಂತು ಧರೆಪ್ಪ ಅಂಕ ಕೂಗುವುದನ್ನು ಕೇಳಿದ್ದ, ಮರಾಠಿಯೂ ಬಲ್ಲ ಜಕ್ಕಪ್ಪ ತಲೆ ಎತ್ತಿ ಅವಳನ್ನು ನೋಡಿದ. ಅವಳು ಫೋನ್ ಕೆಳಗಿಟ್ಟಳು.