ನಾನು ಬದುಕಿಸಿದ ಎಮ್ಮೆ

ನನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಹೆಂಡತಿ ನನ್ನ ಮಾತು ನಂಬುವುದನ್ನು ಬಿಟ್ಟಳು. ಮಳೆ ಬರುತ್ತಿದೆ ಎಂದರೆ ಬಾಲ್ಕನಿಗೆ ಹೋಗಿ ಕೈ ಹೊರಗೆ ಚಾಚಿ ನೋಡುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆ ಎಂದರೆ ಸೊಸೆಯನ್ನು ಕರೆದು ರುಚಿ ನೋಡಿಸುತ್ತಿದ್ದಳು. ಒಂದು ದಿನ ನಾನು ಸೀನಿದೆ. "ಖರೇನ ಬಂತೋ, ಇದೂ ನಾಟಕೋ?" ಎಂದಳು.

ಇದಕ್ಕೆಲ್ಲ ಕಾರಣ ಒಂದು ಎಮ್ಮೆ. ಅದೂ ಪುಸ್ತಕದೊಳಗಿನ ಎಮ್ಮೆ. ತಪ್ಪು ಮಾತ್ರ ಪೂರ್ತಿ ನನ್ನದು. ಮುಚ್ಚಿಡದೆ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಾಗಲಕೋಟೆ ಕಡೆಯಿಂದ ನಾಸಿಕಕ್ಕೆ ಬಂದವನು. ಅಂಬಡ್‌ನ ಒಂದು ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವ ಯಂತ್ರದ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ನಿಂತೆ. ಮರಾಠಿ ಓದಲು ಕಲಿತದ್ದು ಮೊದಲು ಬಸ್ಸಿನ ಬೋರ್ಡುಗಳಿಂದ, ಆಮೇಲೆ ವಡಾ ಕಟ್ಟಿಕೊಡುತ್ತಿದ್ದ ಪತ್ರಿಕೆಯ ಎಣ್ಣೆ ತುಂಡುಗಳಿಂದ. ಹೀಗಿರುವಾಗ ಪಂಚವಟಿಯ ರಸ್ತೆಬದಿಯಲ್ಲಿ, ಹಳೆಯ ಪುಸ್ತಕಗಳ ರಾಶಿಯಲ್ಲಿ, ನನಗೆ ಒಬ್ಬ ಲೇಖಕರು ಸಿಕ್ಕರು. ವೈಜಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅವರ ಪುಸ್ತಕದ ಜನ ಥೇಟ್ ನಮ್ಮೂರಿನವರಂತೆ ಜಗಳವಾಡುತ್ತಿದ್ದರು, ಬೈಗುಳ ಮಾತ್ರ ಮರಾಠಿ. ನನಗೆ ಅಷ್ಟು ಸಾಕಾಯಿತು. ಅವರು ಬರೆದದ್ದನ್ನೆಲ್ಲ ಹುಡುಕಿ ತಂದೆ.

ನನ್ನ ಹೆಂಡತಿ ಮರಾಠಿಯಲ್ಲಿ ಕಾಯಿಪಲ್ಲೆ ಚೌಕಾಶಿ ಮಾಡುತ್ತಾಳೆ, ಜಗಳವನ್ನೂ ಗೆಲ್ಲುತ್ತಾಳೆ. ಓದಲು ಮಾತ್ರ ಬಾರದು. ಆದ್ದರಿಂದ ಸಂಜೆ ಅವಳು ರೊಟ್ಟಿ ಬಡಿಯುವಾಗ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮರಾಠಿ ಪುಸ್ತಕವನ್ನು ಕನ್ನಡದಲ್ಲಿ ಓದುವ ರೂಢಿ ಬಿತ್ತು. ಕಥೆ ಬಿಗಿಯಾದ ಕಡೆ ಅವಳ ಕೈ ನಿಲ್ಲುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿ ಎಷ್ಟು ಎಂಬುದರ ಮೇಲೆ ನಾನು ಪುಸ್ತಕದ ಯೋಗ್ಯತೆ ಅಳೆಯುತ್ತಿದ್ದೆ.

ಎಮ್ಮೆಯ ಪುಸ್ತಕದಲ್ಲಿ ಒಂದೇ ಸಂಜೆ ಮೂರು ರೊಟ್ಟಿ ಸೀದವು. ಅದರಲ್ಲಿ ಒಬ್ಬ ಮುದುಕಿಯ ಎಮ್ಮೆ ಜಡ್ಡಿಗೆ ಬಿದ್ದು ನೆಲ ಹಿಡಿಯುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಮರುದಿನದಿಂದ ಎಂಟು ದಿನ ನನಗೆ ಎರಡನೆಯ ಪಾಳಿ, ಓದಲು ಆಗಲಿಲ್ಲ. ಒಂಬತ್ತನೆಯ ದಿನ ನಾನು ಪುಸ್ತಕ ತೆರೆಯುವ ಮೊದಲೇ ಅವಳು ಹೇಳಿದಳು.

"ನಾ ಹರಕಿ ಹೊತ್ತೇನ್ರಿ."

"ಯಾರ ಸಲುವಾಗಿ? ಏನಾಗೇತಿ?"

"ಎಮ್ಮಿ ಸಲುವಾಗಿ. ಅದು ಎದ್ದು ನಿಂತ್ರ ಪಂಚವಟಿ ದೇವರಿಗೆ ಐದು ಕಾಯಿ, ಐದು ಮಂದಿ ಮುತ್ತೈದೇರಿಗೆ ಹೋಳಿಗಿ ಊಟ ಅಂತ ಬೇಡ್ಕೊಂಡೇನಿ."

"ಏ ಹುಚ್ಚಿ, ಅದು ಪುಸ್ತಕದಾಗಿನ ಎಮ್ಮಿ."

"ಪುಸ್ತಕದಾಗಿದ್ರ ಅದಕ್ಕ ಜೀಂವ ಇರೂದಿಲ್ಲೇನು? ಸುಮ್ಮ ಓದ್ರಿ ನೀವು."

ನಾನು ಅಷ್ಟರಲ್ಲಿ ಊಟದ ಬಿಡುವಿನಲ್ಲಿ ಕೊನೆಯವರೆಗೆ ಓದಿಬಿಟ್ಟಿದ್ದೆ. ಎಮ್ಮೆ ಸಾಯುತ್ತದೆ. ಲೇಖಕರು ನಾಲ್ಕು ಪುಟ ಅದನ್ನೇ ಬರೆದಿದ್ದರು, ನಾನು ಯಂತ್ರದ ಹಿಂದೆ ಅಡಗಿ ಅತ್ತಿದ್ದೆ. ಆದರೆ ಹೆಂಡತಿ ಆಗಲೇ ಹೂರಣಕ್ಕೆ ಕಡಲೆಬೇಳೆ ತಂದಿಟ್ಟಿದ್ದಳು. ನಾನು ಪುಟದ ಮೇಲೆ ಕಣ್ಣಿಟ್ಟು, "ಐದನೆಯ ದಿನ ಎಮ್ಮೆ ಕಿವಿ ಅಲ್ಲಾಡಿಸಿತು" ಎಂದು ಓದಿದೆ. ಆಮೇಲೆ ನಾಲಿಗೆ ನಿಲ್ಲಲಿಲ್ಲ. ನೀರು ಕುಡಿಸಿದೆ, ಎಬ್ಬಿಸಿ ನಿಲ್ಲಿಸಿದೆ, ಅವಳ ಮುಖ ಅರಳಿದ್ದು ಕಂಡು ಕರುವನ್ನೂ ಹಾಕಿಸಿದೆ. ಪಂಚವಟಿಯಲ್ಲಿ ಐದು ಕಾಯಿ ಒಡೆದವು. ಐದು ಜನ ಮುತ್ತೈದೆಯರು ನಮ್ಮ ಬಾಡಿಗೆ ಖೋಲಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು ಉಂಡರು. ನಾನೂ ನಾಲ್ಕು ಹೋಳಿಗೆ ತಿಂದೆ.

ಇಪ್ಪತ್ತೆರಡು ವರ್ಷ ಆ ಎಮ್ಮೆ ನಮ್ಮ ಮನೆಯಲ್ಲಿ ಸುಖವಾಗಿತ್ತು. ಈ ಮಳೆಗಾಲದಲ್ಲಿ ನಮ್ಮ ಮೊಮ್ಮಗಳು ಅದನ್ನು ಕೊಂದಳು. ಅವಳಿಗೆ ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಬರುವುದು ಮರಾಠಿ. ಅಜ್ಜಿಯನ್ನು ಸಂತೋಷಪಡಿಸಲು ಕಪಾಟಿನಿಂದ ಆ ಪುಸ್ತಕ ತೆಗೆದು ಗಟ್ಟಿಯಾಗಿ ಓದಿ ಮುಗಿಸಿದಳು.

"ಕರಾ ಎಲ್ಲೈತಿ?" ಎಂದಳು ಅಜ್ಜಿ.

"ಕಸಲ ರೇಡಕೂ, ಆಜೀ? ಮ್ಹೈಸ ಮೇಲೀ ನಾ!"

ಯಾವ ಕರು, ಎಮ್ಮೆಯೇ ಸತ್ತಿತಲ್ಲ ಎಂಬುದು ತಿಳಿಯಲು ಓದು ಬರಹ ಬೇಕಿರಲಿಲ್ಲ. ನಾನು ಬಚ್ಚಲುಮನೆಯಲ್ಲಿದ್ದೆ. ಬಹಳ ಹೊತ್ತು ಅಲ್ಲೇ ಇದ್ದೆ.

ನನ್ನ ಮೇಲಿನ ಸಿಟ್ಟು ಒಂದು ಕಡೆ ಇರಲಿ. ಅವಳಿಗೆ ನಿಜವಾಗಿ ಹತ್ತಿದ ನೋವು ಬೇರೆ. "ದೇವರ ಮುಂದ ನಿಂತು, ಎಮ್ಮಿ ಎದ್ದೈತಿ, ನಿನ್ನ ಉಪಕಾರ ಅಂತ ಕಾಯಿ ಒಡದೇನಿ. ಸುಳ್ಳು ಹರಕಿ ತೀರಿಸಿದಾಕಿ ಆದ್ನಲ್ಲ. ಈಗ ಯಾವ ಮಾರಿ ಹೊತ್ತು ಹೋಗ್ಲಿ ಅಲ್ಲಿಗೆ?" ಎಂದಳು. ಸೋಮವಾರ ತಪ್ಪದೆ ಪಂಚವಟಿಗೆ ಹೋಗುತ್ತಿದ್ದವಳು ಹೋಗುವುದನ್ನೇ ನಿಲ್ಲಿಸಿದಳು. ಮೂರು ಸೋಮವಾರ ಹೂವಿನ ಬುಟ್ಟಿ ಮೊಳೆಗೆ ತೂಗುತ್ತಿದ್ದುದನ್ನು ನೋಡಿದೆ.

ನನ್ನ ಎರಡನೆಯ ತಪ್ಪು ಇಲ್ಲಿ ಶುರುವಾಯಿತು. ಅದು ಮೊದಲನೆಯದಕ್ಕಿಂತ ದೊಡ್ಡದು. ಲೇಖಕರು ಇನ್ನೂ ಇದ್ದಾರೆ, ಎಂಬತ್ತು ದಾಟಿದೆ, ಹೊಲದ ಮನೆಯಲ್ಲೇ ಇರುತ್ತಾರೆ ಎಂದು ಕೇಳಿದ್ದೆ. ಅವರ ಕಾಲು ಹಿಡಿದು, ಎಮ್ಮೆ ಬದುಕಿದೆ ಎಂದು ನನ್ನ ಹೆಂಡತಿಗೆ ಹೇಳಿಸಬೇಕೆಂದು ನಿಶ್ಚಯಿಸಿದೆ. ಬರೆದವರೇ ಹೇಳಿದ ಮೇಲೆ ಯಾರು ಎದುರಾಡುತ್ತಾರೆ?

ಶನಿವಾರ ಬೆಳಗ್ಗೆ ಚೀಲ ಹಿಡಿದು ಹೊರಟೆ.

"ಎಲ್ಲಿಗಿ ಹೊಂಟ್ರಿ?"

"ವೈಜಾಪುರದ ಕಡೆ. ಲೇಖಕರ ಮನಿಗೆ. ನಾಳೆ ಬರ್ತೇನಿ."

"ಹೌದೌದು. ಎಮ್ಮಿ ಕರಾ ಹಾಕೇತಲ್ಲ, ಬರುವಾಗ ಗಿಣ್ಣ ತರ್ರಿ."

ಕೆಂಪು ಬಸ್ಸಿನಲ್ಲಿ ವೈಜಾಪುರ ಮುಟ್ಟಿದೆ. ಅಲ್ಲಿಂದ ಈರುಳ್ಳಿ ಚೀಲಗಳ ಮೇಲೆ ಜನರನ್ನು, ಜನರ ಮೇಲೆ ನನ್ನನ್ನು ಹೇರಿಕೊಂಡ ಒಂದು ಜೀಪು ಹೊರಟಿತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದಿದೆ. ಗೋಡೆ ತುಂಬ ಪುಸ್ತಕ, ಕಿಟಕಿಯ ಬಳಿ ಮೇಜು, ಅದರ ಮೇಲೆ ಪೆನ್ನು ಇರುತ್ತದೆ ಎಂದುಕೊಂಡಿದ್ದೆ. ಜೀಪಿನವನು ಇಳಿಸಿದ ಕಡೆ ಹೊಲದ ನಡುವೆ ತಗಡಿನ ಮನೆ, ಅದರ ಪಕ್ಕ ಈರುಳ್ಳಿ ಕೂಡಿಡುವ, ಮನೆಗಿಂತ ಉದ್ದವಾದ ಬಿದಿರು ಗೂಡು, ಬೇವಿನ ಮರದ ಕೆಳಗೆ ಹೊರಸು. ಹೊರಸಿನ ಮೇಲೆ ಬಿಳಿಯ ಬಟ್ಟೆ ಉಟ್ಟು, ಅಗಲ ಹಣೆಯ ಗಂಭೀರ ಮನುಷ್ಯರೊಬ್ಬರು ಕುಳಿತಿದ್ದರು. ನನ್ನ ಕಣ್ಣು ತುಂಬಿತು. ಮಣ್ಣಿನಲ್ಲೇ ಉದ್ದಕ್ಕೆ ಬಿದ್ದು ಎರಡೂ ಕಾಲು ಹಿಡಿದು, "ನಿಮ್ಮಿಂದಲೇ ನಾನು ಮನುಷ್ಯನಾದೆ" ಎಂದು ಮರಾಠಿಯಲ್ಲಿ ಹೇಳಿದೆ.

ಅವರು ಹೆದರಿ ಕಾಲು ಮೇಲೆತ್ತಿಕೊಂಡರು. "ನೋಡ್ರಿ, ಏನ ಮಾಡಿದ್ರೂ ನಾ ದರ ಏರಿಸಾಂವಲ್ಲ."

ಅವರು ಈರುಳ್ಳಿ ವ್ಯಾಪಾರಿ. ಹಿಂದಿನಿಂದ ಯಾರೋ ನಕ್ಕರು. ಹರಿದ ಬನಿಯನ್ನು ತೊಟ್ಟ, ಕನ್ನಡಕಕ್ಕೆ ದಾರ ಕಟ್ಟಿದ ಸಣ್ಣ ಮುದುಕರೊಬ್ಬರು ನೆಲದ ಮೇಲೆ ಕುಳಿತು ಕೊಳೆತ ಈರುಳ್ಳಿ ಆರಿಸುತ್ತಿದ್ದರು. "ಆ ಕಾಲಿಗೆ ನಾನೂ ಭಾಳ ಸಲ ಬಿದ್ದೇನಿ, ಬಾಬಾ. ಉಪಯೋಗ ಇಲ್ಲ" ಎಂದರು. ಅವರೇ ನನ್ನ ಲೇಖಕರು. ಊರಿನವರಂತೆ ನಾನೂ ಅವರನ್ನು ಗುರೂಜಿ ಎಂದೆ. ಅವರು ಆಡಿದ್ದು ಮರಾಠಿ, ನಾನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಸಲ ಏನೂ ಬದಲಿಸಿಲ್ಲ.

ವ್ಯಾಪಾರಿ ಹೋದ ಮೇಲೆ ಗುರೂಜಿಯ ಹೆಂಡತಿ ಚಹಾ ತಂದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದೆ. ಎಮ್ಮೆಯ ಪುಸ್ತಕದ ಹೆಸರು ಎತ್ತಿದ ಕೂಡಲೇ ಗುರೂಜಿಯ ಮುಖ ಬೆಳಗಿತು.

"ಕೊನೀ ಪುಟಕ್ಕ ಬಂದಾಗ ಅತ್ರೋ ಇಲ್ಲೋ?"

"ನಾ ಅತ್ತೇನ್ರಿ. ನಮ್ಮ ಮನಿಯಾಕಿ ನಕ್ಕಳು."

"ನಕ್ಕಳು?"

"ನಮ್ಮ ಮನ್ಯಾಗ ಎಮ್ಮಿ ಬದುಕಿತ್ರಿ, ಗುರೂಜಿ."

ಅವರು ಚಹಾದ ಬಸಿ ಕೆಳಗಿಟ್ಟರು. ನಾನು ಹರಕೆಯಿಂದ ಹಿಡಿದು ಹೋಳಿಗೆಯವರೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಸುಮ್ಮನೆ ಕೇಳಿದರು. ಆದರೆ ಕರುವಿನ ವಿಷಯ ಬಂದಾಗ ಮುಖ ಕೆಂಪಾಯಿತು.

"ಅದು ಗೊಡ್ಡೆಮ್ಮಿ! ಮೊದಲನೇ ಪುಟದಾಗ ಬರದೇನಿ! ಗೊಡ್ಡೈತಿ ಅಂತ ಮಗಾ ಮಾರಾಕ ಹೊಂಟಿರ್ತಾನ, ಮುದುಕಿ ಬಿಡೂದಿಲ್ಲ. ಕತೀನ ಅದು! ಗೊಡ್ಡೆಮ್ಮಿ ಹೆಂಗ ಕರಾ ಹಾಕ್ತು?"

"ಹೋಳಿಗಿ ಕಣ್ಣಮುಂದ ಬಂದಿತ್ರಿ. ಲಕ್ಷ್ಯ ತಪ್ಪಿತು."

ವೈನಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಛಲೋ ಮಾಡ್ಯಾರ ಬಿಡ್ರಿ. ನೀವು ಇಷ್ಟು ವರ್ಷ ಬರದ್ರಲ್ಲ, ಒಂದರ ಮನ್ಯಾಗ ಒಂದು ತೊಟ್ಟಿಲಾ ಕಟ್ಟಿಸೀರೇನು? ಬರೇ ಹೆಣಾ ಎತ್ತಿಸೀರಿ."

ಧೈರ್ಯ ಬಂದು ನಾನು ಕೈಮುಗಿದು ಕೇಳಿದೆ. "ಗುರೂಜಿ, ನಮ್ಮಾಕಿಗೆ ಫೋನಿನ್ಯಾಗ ಒಂದ ಮಾತು ಹೇಳ್ರಿ. ಎಮ್ಮಿ ಬದುಕೇತಿ, ಪುಸ್ತಕದಾಗ ಅಚ್ಚಿನ ತಪ್ಪಾಗೇತಿ ಅಂತ."

"ನಾಕು ಪುಟ ಅಚ್ಚಿನ ತಪ್ಪೇನು?" ಎಂದರು ಅವರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ನಾನು ಇಷ್ಟು ವರ್ಷ ಪ್ರೀತಿಸಿದ ಮನುಷ್ಯನ ಮುಂದೆ ಕುಳಿತು, ನಿಮ್ಮ ಎಮ್ಮೆಯ ಸಾವನ್ನು ಅಲ್ಲಗಳೆಯಿರಿ ಎಂದು ಕೇಳಿದ್ದೆ. "ಫೋನ್ ನಾಳೆ ಹಚ್ಚೋಣು. ಈಗ ಉಳ್ಳಾಗಡ್ಡಿ ಆರಿಸ್ರಿ" ಎಂದು ಅವರು ನನ್ನ ಮುಂದೆ ರಾಶಿ ಸರಿಸಿದರು. ಹೊತ್ತು ಮುಳುಗುವವರೆಗೆ ಆರಿಸಿದೆ. ಸಾಹಿತ್ಯದ ಬಗ್ಗೆ ಏನೇನೋ ಕೇಳಬೇಕೆಂದಿದ್ದೆ. ಮಾತಾಡಿದ್ದು ಮಾತ್ರ ಯಾವುದು ಕೊಳೆತಿದೆ, ಯಾವುದು ಕೊಳೆಯಲಿದೆ ಎಂಬುದನ್ನಷ್ಟೇ. ಗುರೂಜಿಗಿಂತ ನನಗೆ ಅದು ಬೇಗ ಗೊತ್ತಾಗುತ್ತಿತ್ತು ಎಂದು ಒಂದು ಸಲ ಹೊಗಳಿದರು.

ಭಾನುವಾರ ಬೆಳಗ್ಗೆ ನನ್ನ ಫೋನಿನಿಂದಲೇ ಹಚ್ಚಿ, ಸ್ಪೀಕರ್ ಹಾಕಿ ಹೊರಸಿನ ಮೇಲಿಟ್ಟೆ. ಗುರೂಜಿ ತಮ್ಮ ಪರಿಚಯ ಹೇಳಿದರು.

"ಖರೇ ಗುರೂಜಿಯೋ, ಇವರ ದೋಸ್ತ ಯಾರರೆ ಮಾತಾಡಾಕ ಹತ್ತೀರೋ?" ಎಂದಳು ನನ್ನ ಹೆಂಡತಿ. "ಮುದುಕಿ ಉಟ್ಟ ಸೀರಿ ಬಣ್ಣ ಯಾವುದು, ಹೇಳ್ರಿ ನೋಡೋಣು."

ಗುರೂಜಿ ಕಣ್ಣು ಪಿಳಿಪಿಳಿ ಮಾಡಿದರು. ಬರೆದು ಐವತ್ತು ವರ್ಷದ ಮೇಲಾಗಿತ್ತು, ಮರೆತಿದ್ದರು. ನಾನು "ಹಸಿರು" ಎಂದು ಪಿಸುಗುಟ್ಟಿದೆ.

"ಅವರಿಗೆ ಸುಮ್ಮ ಕುಂದ್ರಾಕ ಹೇಳ್ರಿ" ಎಂದಿತು ಫೋನು.

ವೈನಿ ಮುಂದೆ ಬಗ್ಗಿ, "ಹಸಿರಽ, ತಂಗಿ. ಅದು ನಮ್ಮ ಅತ್ತಿ ಸೀರಿ. ಇನ್ನೂ ನನ್ನ ಟ್ರಂಕಿನ್ಯಾಗ ಐತಿ" ಎಂದರು. ಆಗ ನಂಬಿದಳು. ಆಮೇಲೆ ಕೇಳಿದಳು, "ಎಮ್ಮಿ ಬದುಕೇತೋ, ಸತ್ತೈತೋ?"

ನಾನು ಗುರೂಜಿಗೆ ಕೈಮುಗಿದೆ. ಗುರೂಜಿ ನನ್ನನ್ನು ನೋಡಿದರು. "ಸತ್ತೈತಿ, ತಾಯಿ" ಎಂದರು.

ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೂಗಿತು. ಗುರೂಜಿಯೇ ಮುಂದುವರಿಸಿದರು. "ಅದು ನಮ್ಮ ಮನಿ ಎಮ್ಮಿನ. ಆಗ ನಾ ಸಣ್ಣಾಂವ, ಸಾಲಿ ಕಲೀತಿದ್ನಿ. ನಮ್ಮವ್ವನೂ ಹರಕಿ ಹೊತ್ತಿದ್ಲು. ಎಮ್ಮಿ ಸತ್ತ ಮ್ಯಾಲೂ ಹೋಗಿ ಕಾಯಿ ಒಡದ್ಲು. ಯಾಕಬೇ, ಸತ್ತೈತಲ್ಲ ಅಂತ ಕೇಳಿದ್ರ, ನಾ ದೇವರ ಕೂಡ ಸಂತಿ ವ್ಯಾಪಾರ ಮಾಡೇನೇನು, ಬಾಯಿಂದ ಬಂದೈತಿ, ಕೊಡಬೇಕು, ಅಂದ್ಲು."

"ಇದು ಪುಸ್ತಕದಾಗ ಇಲ್ಲಲ್ರಿ?"

"ಬರೀಲಿಲ್ಲ. ಎಮ್ಮಿ ಸತ್ತಲ್ಲಿಗೇ ಮುಗಿಸಿದ್ರ ಛಂದ ಅನಿಸ್ತು. ಬರಿಯೂವಾಗ ನನಗ ಮೂವತ್ತೂ ಆಗಿರ್ಲಿಲ್ಲ."

"ತಪ್ಪು ಮಾಡಿದ್ರಿ" ಎಂದಳು ನನ್ನ ಹೆಂಡತಿ.

"ಹೌದು ತಾಯಿ" ಎಂದರು ಗುರೂಜಿ. ವೈನಿ ಗಂಡನನ್ನು ನೋಡಿ ತಲೆ ಆಡಿಸಿದರು.

ಆಮೇಲೆ ನನ್ನ ಸರದಿ. "ಅವರ ಕಡೆಯಿಂದ್ಲೂ ಸುಳ್ಳು ಹೇಳಸಾಕ ಹೋಗಿದ್ರಿ, ಹೌದಲ್ರಿ?"

ಮಳೆ, ಬಸ್ಸು, ಸಿಗ್ನಲ್ ಸರಿ ಇಲ್ಲ, ಎಲ್ಲ ನೆಪವೂ ನಾಲಿಗೆಯ ತುದಿಗೆ ಬಂದವು. "ಹೌದು" ಎಂದೆ.

"ಬರ್ರಿ ಮನಿಗೆ" ಎಂದು ಫೋನ್ ಇಟ್ಟಳು.

ಮರುದಿನ ಸೋಮವಾರ. ಅವಳು ಹೂವಿನ ಬುಟ್ಟಿ ಕೆಳಗಿಳಿಸಿದಳು. "ನನ್ನ ಹರಕಿ ಸರಿಯೈತಿ. ಮಾತು ಕೊಟ್ಟಿದ್ನಿ, ತೀರಿಸೇನಿ. ತಪ್ಪುಕಾಣಿಕಿ ನಿಮ್ದು" ಎಂದು ಅರಿಶಿನದ ಅರಿವೆಯಲ್ಲಿ ನಾಣ್ಯ ಕಟ್ಟಿ ನನ್ನ ಕೈಗಿಟ್ಟಳು. ಪಂಚವಟಿಯ ಗರ್ಭಗುಡಿಯ ಮುಂದೆ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ಎಮ್ಮೆ ಸತ್ತಿದೆ ಎಂದು ಗಟ್ಟಿಯಾಗಿ ಹೇಳಿಸಿದಳು. ಪೂಜಾರಿಗೆ ಪಾಪ ಅನಿಸಿತು. ತೀರ್ಥ ಕೊಡುತ್ತ, ಹಾಲು ಎಷ್ಟು ಕೊಡುತ್ತಿತ್ತು ಎಂದು ಮರಾಠಿಯಲ್ಲಿ ಕೇಳಿದರು.

"ಗೊಡ್ಡು" ಎಂದೆ. ಹೆಂಡತಿ ನನ್ನ ಕಡೆ ನೋಡಿದಳು. ಬೈಯಲಿಲ್ಲ.

ಆ ಸಂಜೆ, ಅಡುಗೆ ಮುಗಿದ ಮೇಲೆ, ಅವಳೇ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಸಾಲಿನ ಕೆಳಗೆ ಬೆರಳಿಟ್ಟು ಓದಬೇಕೆಂದಳು. ಕೊನೆಯ ನಾಲ್ಕು ಪುಟ ಇದ್ದದ್ದು ಇದ್ದ ಹಾಗೆ ಓದಿದೆ. ಮಧ್ಯೆ ಎರಡು ಸಲ ಕಣ್ಣು ಒರೆಸಿಕೊಳ್ಳಲು ನಿಂತೆ, ಅವಳು ಕಾದಳು. ಮುಗಿದಾಗ, "ಛಲೋ ಬರದಾರ" ಎಂದಳು. ಸಮಾಧಾನವಾಗಿ ಪುಸ್ತಕ ಮುಚ್ಚುತ್ತಿದ್ದೆ.

"ಉಳಿದ ಪುಸ್ತಕದಾಗ ಯಾರ್ಯಾರನ್ನ ಬದುಕಿಸೀರಿ?" ಎಂದಳು.

ನಾನು ಕಪಾಟಿನ ಕಡೆ ನೋಡಿದೆ. ನಾನು ಬಾವಿಯಿಂದ ಮೇಲೆತ್ತಿದ ಅಕ್ಕತಂಗಿಯರಿದ್ದರು, ಸಾರಾಯಿ ಬಿಟ್ಟು ಸಂಸಾರಸ್ಥನಾದ ಕುಲಕರ್ಣಿ ಇದ್ದ, ಅಂಚೆಯವನೊಬ್ಬನಿದ್ದ, ನಾಯಿಯೊಂದಿತ್ತು. ಮನೆ ಬಿಟ್ಟು ಹೋದ ಇಬ್ಬರು ಸೊಸೆಯಂದಿರನ್ನಂತೂ ನಾನೇ ಕೈಹಿಡಿದು ವಾಪಸ್ ಕರೆತಂದಿದ್ದೆ. ಅವಳು ಕೈ ಒರೆಸಿಕೊಂಡು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಒಬ್ಬೊಬ್ಬರನ್ನ ಹೇಳ್ರಿ. ಅವಸರ ಇಲ್ಲ."

ನಾನು ಅಂಚೆಯವನಿಂದ ಶುರು ಮಾಡಿದೆ.